ಬೂದಿಯೊಳಗಿನ ಮಣಿ

ಬಿಸಿ ಬೂದಿಯ ವಾಸನೆ ಬಂದರೆ ಈಗಲೂ ನನಗೆ ಕಮಲಾಪುರದ ಅತ್ತೆಯ ಪಡಸಾಲೆ ನೆನಪಾಗುತ್ತದೆ.

ಅತ್ತೆ ಗಾಜು ಕರಗಿಸಿ ಸರದ ಮಣಿ ಮಾಡುತ್ತಿದ್ದಳು. ರಜೆಯಲ್ಲಿ ನನಗೂ ಓಣಿಯ ಹುಡುಗಿಯರಿಗೂ ಕಲಿಸುತ್ತಿದ್ದಳು. ಮಾಡಿದ ಮಣಿಯನ್ನು ಬಿಸಿ ಬೂದಿಯಲ್ಲಿ ಹೂತಿಟ್ಟು, "ತಾನಾಗೇ ಆರೋತನಕ ಮುಟ್ಟಬ್ಯಾಡ್ರೇ, ಒಡೀತೈತಿ" ಅನ್ನುತ್ತಿದ್ದಳು.

ಆ ಮಧ್ಯಾಹ್ನ ನೀಲಿ ಮಣಿಯೊಂದನ್ನು ಆಗತಾನೇ ಹೂತಿದ್ದಳು. ಮಾವ ಓಡಿಸುತ್ತಿದ್ದ ಅದಿರು ಲಾರಿಯ ಕ್ಲೀನರ್ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. ಮೈಯೆಲ್ಲ ಕೆಂಪು ಧೂಳು.

"ಅಕ್ಕಾ, ಸಂಡೂರು ಗುಡ್ಡದಾಗ ಲಾರಿ ಪಲ್ಟಿ ಆತು. ಅಣ್ಣ..." ಅಂದವನು ಮಾವನ ಟವೆಲನ್ನು ಹೊಸ್ತಿಲ ಮೇಲಿಟ್ಟ.

ಅತ್ತೆ ಅಳಲಿಲ್ಲ. ಬರಿಗೈಯನ್ನು ಬೂದಿಯೊಳಗೆ ತೂರಿಸಿ ಮಣಿಯನ್ನು ಹೊರಗೆ ತೆಗೆದಳು. ಅದು ಅವಳ ಅಂಗೈಯಲ್ಲೇ ಟಕ್ಕನೆ ಒಡೆದು ಎರಡಾಯಿತು.

"ನೋಡ್ರೇ," ಅಂದಳು ನಮಗೆ, ದಿನಾ ಕಲಿಸುವ ದನಿಯಲ್ಲೇ. "ಜಲ್ದಿ ತೆಗದ್ರ ಹಿಂಗ ಆಗತೈತಿ."