ನಾಲ್ಕಕ್ಕೂ ಐದಕ್ಕೂ ನಡುವೆ

ದೀಪ ಆರಿದಾಗ ಉಳಿದವರೆಲ್ಲ ‘ಥೂ’ ಎಂದರು. ಅವನೊಬ್ಬ ಮಾತ್ರ ಎರಡೂ ಕೈಯಿಂದ ಗೋಡೆಗೆ ಆತುಕೊಂಡ.

ಲಿಫ್ಟು ಒಮ್ಮೆ ಕುಲುಕಿ ನಾಲ್ಕನೇ ಮಹಡಿಗೂ ಐದನೆಯದಕ್ಕೂ ನಡುವೆ ನಿಂತಿತು. ಒಳಗೆ ಐದು ಜನ. ತರಕಾರಿ ಚೀಲ ಹಿಡಿದ ನಿವೃತ್ತ ಟೀಚರು, ಊಟದ ಹೊತ್ತಿಗೆ ಮನೆಗೆ ಬಂದ ಬ್ಯಾಂಕಿನವರು, ಶಾಲೆಯಿಂದ ಮಗಳನ್ನು ಕರೆತಂದ ತಾಯಿ, ಆರು ವರ್ಷದ ಆ ಮಗಳು. ಐದನೆಯವನು ಇವನು. ಈ ಕಟ್ಟಡದವನಲ್ಲ. ಎಲ್ಲಿ ಹೋದರೂ ಮೆಟ್ಟಿಲು ಹತ್ತುವ ಆಸಾಮಿ. ಲಿಫ್ಟಿನ ಸಹವಾಸ ಬೇಡವೆಂದು ಹೆಂಡತಿಗೂ ತಾಕೀತು ಮಾಡಿದ್ದ. ಇಂದು ಒಂದು ನಿಮಿಷದ ಕೆಲಸಕ್ಕೆಂದು ಒಳಗೆ ಕಾಲಿಟ್ಟಿದ್ದ. ಅಷ್ಟರಲ್ಲಿ ನಾಲ್ವರೂ ನುಗ್ಗಿದರು, ಹುಡುಗಿ ಗುಂಡಿ ಒತ್ತಿದಳು, ಬಾಗಿಲು ಮುಚ್ಚಿಕೊಂಡಿತು.

ಬ್ಯಾಂಕಿನವರು ಮೊಬೈಲಿನ ಬೆಳಕು ಹಚ್ಚಿ ವಾಚ್‌ಮನ್‌ಗೆ ಫೋನು ಮಾಡಿದರು. ಅವನ ದನಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

“ಮತ್ತೆ ಸಿಕ್ಕಾಕ್ಕೊಂಡಿದೀವಪ್ಪ. ಹೋಗಿ ಬ್ರೇಕ್ ಎತ್ತು.”

“ಪಂಪಿನ ಹತ್ರ ಇದೀನಿ ಸಾರ್. ಮೇಲೆ ಹತ್ತಿ ಹೋಗೋಕೆ ಐದು ನಿಮಿಷ ಬೇಕು. ಫೋನ್ ಇಡಬೇಡಿ.”

ಆ ಕಟ್ಟಡದವರಿಗೆ ಇದೆಲ್ಲ ನಿತ್ಯದ ಗೋಳು. ಕರೆಂಟು ಹೋದರೆ ವಾಚ್‌ಮನ್ ತಾರಸಿಗೆ ಹೋಗಿ, ಮೋಟಾರು ಕೋಣೆಯಲ್ಲಿ ಒಂದು ಕಬ್ಬಿಣದ ಹಿಡಿ ಎತ್ತುತ್ತಾನೆ. ಬ್ರೇಕು ಸಡಿಲಾಗಿ ಲಿಫ್ಟು ಮೆಲ್ಲಗೆ ಕೆಳಗೆ ಜಾರುತ್ತದೆ. ಬಾಗಿಲ ನೇರಕ್ಕೆ ಬಂದಾಗ ಹಿಡಿ ಬಿಡುತ್ತಾನೆ, ಬ್ರೇಕು ಕಚ್ಚಿಕೊಂಡು ಲಿಫ್ಟು ನಿಲ್ಲುತ್ತದೆ. ಎಲ್ಲರೂ ಬೈದುಕೊಂಡು ಮನೆಗೆ ಹೋಗುತ್ತಾರೆ.

“ಬ್ರೇಕ್ ಮುಟ್ಟೋದು ಬೇಡ ಅಂತ ಹೇಳಿ,” ಎಂದ ಐದನೆಯವನು. ಯಾರೂ ಕಿವಿಗೊಡಲಿಲ್ಲ. ಇನ್ನೊಮ್ಮೆ ಹೇಳಿದ. “ಕರೆಂಟ್ ಬರೋವರೆಗೂ ಕಾಯೋಣ.”

“ಕರೆಂಟನ್ನ ನಂಬ್ಕೊಂಡ್ರೆ ನನ್ನ ಸೊಪ್ಪು ಇಲ್ಲೇ ಬಾಡುತ್ತೆ,” ಎಂದರು ಟೀಚರು. “ಮೊದಲನೇ ಸಲಾನಾ? ಬೆವರು ನೋಡು, ಸ್ನಾನ ಮಾಡಿದ ಹಾಗಿದೆ. ಏನೂ ಆಗಲ್ಲಪ್ಪ. ಹೋದ ಸಲ ನಿಲ್ಲಿಸೋವಾಗ ದಡಕ್ ಅಂತ ಒಂದು ಮೊಳ ಜಾಸ್ತಿ ಜಾರಿತು, ಅಷ್ಟೆ. ಯಾರೂ ಸಾಯಲಿಲ್ಲ.”

ಒಂದು ಮೊಳ. ಅವನು ಕುಸಿದು ಮೂಲೆಯಲ್ಲಿ ಕೂತ. ತಾಯಿ ಮಗಳನ್ನು ತನ್ನತ್ತ ಎಳೆದುಕೊಂಡಳು. ಅವಳಿಗೆ ಲಿಫ್ಟಿಗಿಂತ ಇವನದೇ ಭಯ.

ಮಗಳಿಗೆ ಅದೂ ಇಲ್ಲ. ಹತ್ತಿರ ಬಂದು ಅವನ ತಲೆ ನೇವರಿಸಿದಳು. “ಹೆದರ್ಕೋಬೇಡಿ ಅಂಕಲ್. ನಾನೂ ಇದೀನಲ್ಲ.”

ಅವನು ಅವಳ ಮುಖ ನೋಡಲಾರದೆ ಕಣ್ಣು ಮುಚ್ಚಿದ. ಅವಳು ಇರುವುದೇ ಅವನ ಹೆದರಿಕೆ. ಅಲ್ಲಿಂದ ನೆಲ ಎಷ್ಟು ದೂರವೆಂದು ಲೆಕ್ಕ ಹಾಕದೆ ಇರಲು ಪ್ರಯತ್ನಿಸಿದ. ಆಗಲಿಲ್ಲ.

ಬ್ಯಾಂಕಿನವರಿಗೆ ಕನಿಕರ ಬಂತು. ಬಾಗಿಲ ಪಕ್ಕದ ಮೊಳೆಗೆ ಒಂದರ ಮೇಲೊಂದು ಸಿಕ್ಕಿಸಿದ್ದ ಕಾರ್ಡುಗಳ ಮೇಲೆ ಬೆಳಕು ಬಿಟ್ಟು ಓದತೊಡಗಿದರು. “ಇಲ್ಲಿ ಕೇಳ್ರೀ. ಹೋದ ತಿಂಗಳು ತಪಾಸಣೆ ಆಗಿದೆ. ಹಗ್ಗ, ಸರಿ ಇದೆ. ಬ್ರೇಕ್, ಸರಿ ಇದೆ. ಅದರ ಹಿಂದಿನ ತಿಂಗಳೂ ಸರಿ ಇದೆ. ಮೂವತ್ತು ವರ್ಷ ಸಹಿ ನೋಡಿ ನೋಡಿ ಕಣ್ಣು ಪಳಗಿದೆ ನಂಗೆ. ಒಂದು ಗೆರೆ ಆಚೀಚೆ ಇಲ್ಲ, ಪೆನ್ನೂ ಅದೇ. ಶಿಸ್ತಿನ ಮನುಷ್ಯ.”

ಈ ಮಾತಿಗೆ ತಾಯಿಯೂ ಸ್ವಲ್ಪ ಹಗುರಾದಳು. ಮೂಲೆಯಲ್ಲಿದ್ದವನು ಮಾತ್ರ ಅಳತೊಡಗಿದ.

“ಅಯ್ಯೋ ರಾಮ,” ಎಂದರು ಟೀಚರು. “ಇಷ್ಟು ಧೈರ್ಯವಾಗಿ ಬರೆದು ಕೊಟ್ಟಿದಾರೆ, ಇನ್ನೇನು ಬೇಕು ನಿಂಗೆ?”

“ಕೈ ಮುಗಿತೀನಿ ಅಮ್ಮ, ಎತ್ತೋದು ಬೇಡ. ಸಂಜೆವರೆಗೂ ಇಲ್ಲೇ ಕೂತಿರೋಣ. ಯಾರಿಗೂ ಏನೂ ಆಗಲ್ಲ.”

“ನಿಮಗೇನ್ರೀ ಗೊತ್ತು ಇದರ ವಿಷಯ?” ಎಂದರು ಬ್ಯಾಂಕಿನವರು. ಕನಿಕರ ಮುಗಿದಿತ್ತು.

ಅವನು ಬಾಯಿ ತೆರೆದ. ಮನೆ, ಹೆಂಡತಿ, ನಾಳೆಯ ಕೆಲಸ ಎಲ್ಲ ಕಣ್ಣ ಮುಂದೆ ಬಂದವು. ಮುಚ್ಚಿಕೊಂಡ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕರೆಂಟು ಈಗ ಬರಬಹುದು, ಈಗ ಬರಬಹುದು ಎಂದು ಮೇಲಿನ ಸತ್ತ ದೀಪವನ್ನೇ ನೋಡಿದ.

ಫೋನಿನಲ್ಲಿ ಏದುಸಿರು ಕೇಳಿಸಿತು. “ಬಂದೆ ಸಾರ್. ಹಿಡಿ ಮೇಲೆ ಕೈ ಇಟ್ಟಿದೀನಿ. ಎತ್ಲಾ?”

“ಎತ್ತಪ್ಪ, ಪುಣ್ಯ ಬರುತ್ತೆ,” ಎಂದರು ಟೀಚರು.

ತಲೆಯ ಮೇಲೆ ಎಲ್ಲೋ ಕಬ್ಬಿಣ ಕಿರುಗುಟ್ಟಿತು. ಹುಡುಗಿ ಅವನ ಬೆರಳು ಹಿಡಿದುಕೊಂಡಳು. ಅವನು ಎದ್ದು ಬ್ಯಾಂಕಿನವರ ಕೈಯಿಂದ ಫೋನು ಕಿತ್ತುಕೊಂಡ.

“ಎತ್ತಬೇಡ. ಕೈ ತೆಗಿ. ತೆಗಿ ಅಂದ್ನಲ್ಲ.”

ಕಿರುಗುಟ್ಟುವುದು ನಿಂತಿತು. ಆಮೇಲೆ ವಾಚ್‌ಮನ್ ನಕ್ಕ.

“ಯಾರು, ಮೆಕ್ಯಾನಿಕ್ ಅಣ್ಣನಾ? ದನಿ ಕೇಳಿ ಗೊತ್ತಾಯ್ತು ಬಿಡಿ. ನೀವೇ ಒಳಗಿದ್ರೆ ಇನ್ನೇನು ಭಯ ಅಣ್ಣ? ಹೋದ ತಿಂಗಳು ಬ್ರೇಕ್ ನೋಡಿ ಸಹಿ ಹಾಕಿದೋರು ನೀವೇ ಅಲ್ವಾ?”

“ನೋಡಿಲ್ಲ,” ಎಂದ ಅವನು. “ಇಡೀ ವರ್ಷದ ಸಹಿ ಟೀ ಅಂಗಡಿಲಿ ಕೂತು ಒಂದೇ ಸಲ ಹಾಕಿದ್ದು.”