ಮೊಳೆಯಲ್ಲೇ ಉಳಿದ ಬಲದ ಪಟ್ಟಿ

ಅರ್ಧಂಬರ್ಧ ತಿಳಿದು ಹೇಳುತ್ತಿದ್ದೇನೆ, ಕ್ಷಮಿಸಿ. ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದ ನಾಗವೇಣಿಗೆ, ಎಲ್ಲ ರೋಗಿಗಳಿಗೂ ಕೊಡುವಂತೆ, ಸರ್ಕಾರ ಬಲದ ಪಟ್ಟಿ ಕೊಟ್ಟಿತ್ತು. ಮಣಿಕಟ್ಟಿಗೆ ಕಟ್ಟಿಕೊಂಡರೆ ನಾಲ್ಕು ಗಂಟೆ ಕೈಕಾಲು ಆಡುತ್ತಿದ್ದವು. ಸ್ವಂತ ಬಲ ಬಂದ ದಿನವೇ ಪಟ್ಟಿ ವಾಪಸ್ಸು, ಮತ್ತೆ ಕೇಳುವಂತಿಲ್ಲ.

ಲಾಂಡ್ರಿ ಕೆಲಸಕ್ಕೆ ಮರಳಿದ ಮೂರನೆಯ ದಿನ, ಜೊತೆಗಾರ್ತಿ ಹುಸೇನ್‌ಬಿಯೊಂದಿಗೆ ಒದ್ದೆ ಬಟ್ಟೆಯ ಬುಟ್ಟಿ ಎತ್ತಿ ಇಳಿಸಿ ನೋಡಿಕೊಂಡರೆ ಮಣಿಕಟ್ಟು ಬರಿದು. ಪಟ್ಟಿ ಬಚ್ಚಲಮನೆಯ ಮೊಳೆಯಲ್ಲೇ ಉಳಿದಿತ್ತು.

"ಅಕ್ಕಾ, ನಾನೇ ಎತ್ತಿದ್ನಾ? ಪಟ್ಟಿ ಕೊಟ್ಟ ಆಫೀಸಿಗೆ ಹೇಳ್ಬೇಕಲ್ಲ. ನಾಳೆ ಆಗ್ದಿದ್ರೆ?"

ಹುಸೇನ್‌ಬಿ ಅವಳ ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದಳು. "ನೀನೆಲ್ಲಿ ಎತ್ತಿದ್ಯೇ ತಾಯಿ? ಭಾರ ಎಲ್ಲಾ ನನ್ ಕಡೇನೇ ಇತ್ತು. ಸುಮ್ನೆ ಇನ್ನೊಂದು ಹಿಡಿ."

ಅದನ್ನೂ ಎತ್ತಿದರು. ಯಾರ ಕಡೆ ಎಷ್ಟು ಭಾರವಿತ್ತೋ ನಾಗವೇಣಿಗೆ ಇವತ್ತಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.