ಗುಂಡಿಯ ವಾರ ಮುಗಿದಿದೆ

"ಅಷ್ಟು ನೇರ ಕತ್ತರಿಸಬೇಡ್ರೀ, ಟೀಚರಿಗೆ ಗೊತ್ತಾಗಿಬಿಡುತ್ತೆ" ಎಂದು ಸೊಸೆ ಪಿಸುಗುಟ್ಟಿದಳು.

ಮಗರಾಯ ನಾಲಿಗೆ ಕಚ್ಚಿಕೊಂಡು, ಬೇಕೆಂದೇ ಕೈ ನಡುಗಿಸಿ, ಕಾಗದದ ಬಾತುಕೋಳಿಯ ಕೊಕ್ಕನ್ನು ಸೊಟ್ಟ ಮಾಡಿದ. ಮಕ್ಕಳ ನೀಲಿ ಕತ್ತರಿಯೊಳಗೆ ಅವನ ಹೆಬ್ಬೆರಳು ಸಿಕ್ಕಿಕೊಂಡು ಕೆಂಪಾಗಿತ್ತು. ಕಚೇರಿಯಲ್ಲಿ ಹತ್ತು ಜನರ ಮೇಲೆ ಸಾಹೇಬ. ಐದು ವರ್ಷದ ಮಗುವಿನ ಹಾಗೆ ತಪ್ಪು ಮಾಡುವುದಕ್ಕೆ ಇಷ್ಟು ಶ್ರದ್ಧೆ ಬೇಕೆಂದು ಪಕ್ಕದಲ್ಲಿ ಕೂತಿದ್ದ ತಾತನಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಬರೀ ಕಾಜಾ ಹೊಲಿದವನು ಆತ. ಗುಂಡಿ ತೂರುವ ಆ ಕಿಂಡಿ ಬಿಟ್ಟರೆ ಬೇರೆ ಓದು ಅವನಿಗೆ ಅಷ್ಟಕ್ಕಷ್ಟೆ.

"ನಂಗೆ ಕೊಡಪ್ಪಾ, ನಾನ್ ಕತ್ತರಿಸ್ತೀನಿ" ಎಂದು ಮೊಮ್ಮಗಳು ಚುಕ್ಕಿ ಅಪ್ಪನ ಮೊಣಕೈ ಜಗ್ಗಿದಳು.

"ತಾಳಮ್ಮ, ಕೈ ಕುಯ್ಕೋತೀಯ. ಹಾಂ, ಆಯ್ತು. ಈಗ ಹಿಡ್ಕೋ. ಕತ್ತರಿ ಕಾಣ್ಬೇಕು. ನಗು."

ಮೊಬೈಲು ಮಿಂಚಿತು. ಕತ್ತರಿ ಮಗುವಿನ ಕೈಬಿಟ್ಟು ಡ್ರಾಯರಿಗೆ ಹೋಯಿತು, ಫೋಟೋ ಶಾಲೆಯ ಗ್ರೂಪಿಗೆ ಹೋಯಿತು. ಮಗು ವಾರಕ್ಕೊಂದು ಕೆಲಸ ತಾನೇ ಕಲಿಯಬೇಕೆಂದು ಶಾಲೆ ಕೊಟ್ಟು, ಇವರು ಫ್ರಿಜ್ಜಿಗೆ ಅಂಟಿಸಿದ ಅಭ್ಯಾಸದ ಪಟ್ಟಿಯಲ್ಲಿ ಇನ್ನೊಂದು ಟಿಕ್ ಬಿತ್ತು. ಡಬ್ಬಿ ತೆಗೆಯುವುದು, ಷೂ ಹಾಕುವುದು, ಗುಂಡಿ ಬಿಚ್ಚುವುದು ಎಲ್ಲ ಆಗಿಹೋಗಿತ್ತು. ಇಡೀ ಕ್ಲಾಸಿಗೆ ಇವರ ಮನೆಯೇ ಮುಂದು.

ದಿನಾ ಚುಕ್ಕಿಯ ನೀರಿನ ಬಾಟಲಿ ತೊಳೆಯುವುದು ತಾತನ ಕೆಲಸ. ನಾಲ್ಕು ದಿನದಿಂದ ಅದು ಬೆಳಿಗ್ಗೆ ಹೋದ ಹಾಗೆಯೇ ಕತ್ತಿನ ಮಟ್ಟ ತುಂಬಿಕೊಂಡು ವಾಪಸು ಬರುತ್ತಿತ್ತು. ಮಗು ಮಾತ್ರ ಮನೆ ಹೊಕ್ಕ ಕೂಡಲೇ ಅಮ್ಮನನ್ನು ಎಳೆದುಕೊಂಡು ಬಚ್ಚಲಿಗೆ ಓಡಿ, ಅಲ್ಲಿಂದ ಬಂದು ಎರಡು ಲೋಟ ನೀರು ಗಟಗಟ ಕುಡಿಯುತ್ತಿತ್ತು. ಸೊಸೆಗೆ ಹೇಳಿದ್ದಕ್ಕೆ "ಮರೀತಾಳೆ ಮಾವ, ಮಕ್ಕಳಲ್ವಾ" ಅಂದಿದ್ದಳು. ಈ ಸಂಜೆ ಅವನು ಮಗುವನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದ.

"ಕುಡಿದ್ರೆ ಒಂದಕ್ಕೆ ಬರುತ್ತೆ ತಾತ. ಪ್ಯಾಂಟಿನ ಗುಂಡಿ ಬಿಚ್ಚಕ್ಕೆ ಬರಲ್ಲ."

"ಟೀಚರಿಗೆ ಹೇಳ್ಬಾರದೇನೇ ನನ್ನವ್ವ?"

"ಹೇಳ್ದೆ. ನಿಂಗೇ ಬರುತ್ತಲ್ಲ, ಸುಳ್ಳು ಹೇಳ್ಬೇಡ, ನಿಮ್ಮಪ್ಪ ಫೋಟೋ ಹಾಕಿದ್ರಲ್ಲ ಅಂದ್ರು."

ತಾತ ಎದ್ದು ಹೋಗಿ ಮಗನಿಗೆ ವಿಷಯ ತಿಳಿಸಿದ. ಮಗ ಮೊಬೈಲಿನಿಂದ ಕಣ್ಣು ಕೀಳಲಿಲ್ಲ. "ಅಪ್ಪಾ, ಗುಂಡಿ ಹೋದ ವಾರಾನೇ ಮುಗೀತು. ಈಗ ಕತ್ತರಿ ವಾರ. ಮತ್ತೆ ಹಿಂದಕ್ಕೆ ಹೋದ್ರೆ ಗ್ರೂಪಲ್ಲಿ ಏನಂದ್ಕೋತಾರೆ?"

ಏಳನೇ ಕ್ಲಾಸಿನವರೆಗೂ ಈ ಸಾಹೇಬನ ಅಂಗಿಗೆ ಅವನ ಅಮ್ಮನೇ ಗುಂಡಿ ಹಾಕುತ್ತಿದ್ದಳು. ಕಾಜಾದವನ ಮಗ ಅಂತ ಅಂಗಡಿಯವರೆಲ್ಲ ಆಡಿಕೊಂಡು ನಗುತ್ತಿದ್ದರು. ತಾತನಿಗೆ ಅದು ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡ. ಪಾಪ, ಸಾಹೇಬ ಕೊಕ್ಕು ಕತ್ತರಿಸಿ ದಣಿದಿದ್ದಾನೆ.

ಚುಕ್ಕಿಯನ್ನು ತನ್ನ ಕೋಣೆಗೆ ಕರೆದು ಪ್ಯಾಂಟು ನೋಡಿದ. ಯಂತ್ರದ ಕಾಜಾ, ಗುಂಡಿಗಿಂತ ಒಂದು ಎಳೆ ಬಿಗಿ. ಬ್ಲೇಡಿನ ತುದಿ ತಾಗಿಸಿದರೆ ಸಾಕು, ಸಡಿಲವಾಗುತ್ತಿತ್ತು. ಬೇಡ, ನಾಳೆ ಇವಳಿಗೆ ಬೇರೆ ಪ್ಯಾಂಟು ಬಂದರೆ ಮತ್ತೆ ಇದೇ ಗೋಳು ಅಂದುಕೊಂಡ.

"ನೋಡು, ಗುಂಡೀನ ಎಳೀಬಾರದು. ಅದು ಹಟಮಾರಿ. ಓರೆ ಮಾಡಿ, ಹೆಬ್ಬೆರಳಲ್ಲಿ ಒಳಕ್ಕೆ ತಳ್ಳು. ಇನ್ನೊಂದು ಕೈಯಲ್ಲಿ ಬಟ್ಟೆ ಈಚೆಗೆಳಿ."

ಅವಳು ತಳ್ಳಿದಳು, ಆಗಲಿಲ್ಲ. ಮತ್ತೆ ತಳ್ಳಿದಳು. ಮೂಗಿನ ತುದಿಯಲ್ಲಿ ಬೆವರು ಮೂಡಿತು. "ನೀನೇ ಬಿಚ್ಚು ತಾತ!" ಎಂದು ಕಾಲು ಬಡಿದಳು. ತಾತನ ಬೆರಳುಗಳು ತಾವಾಗಿಯೇ ಮುಂದಕ್ಕೆ ಹೋದವು. ನಲವತ್ತು ವರ್ಷದ ಅಭ್ಯಾಸ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತುಬಿಟ್ಟ. ಆ ಸಂಜೆ ಬರಲಿಲ್ಲ. ಮಾರನೆಯ ಸಂಜೆಯೂ ಬರಲಿಲ್ಲ. ಮೂರನೆಯ ಸಂಜೆ ಗುಂಡಿ ಪಟಕ್ಕೆಂದು ಕಾಜಾದೊಳಗಿಂದ ಜಾರಿತು. ಅವಳು ಅದನ್ನು ತಾನೇ ಹಾಕುತ್ತ, ತಾನೇ ಬಿಚ್ಚುತ್ತ, ಊಟಕ್ಕೆ ಕರೆದರೂ ಏಳಲಿಲ್ಲ.

ಮಾರನೆಯ ದಿನ ಶನಿವಾರ. ಮಧ್ಯಾಹ್ನ ಶಾಲೆಯಿಂದ ಬಂದ ಬ್ಯಾಗು ತೆರೆದ ಸೊಸೆ "ಅಯ್ಯೋ, ಬಾಟಲಿ ಖಾಲಿ! ಸೋರುತ್ತಾ ಇದು?" ಎಂದು ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಚುಕ್ಕಿ ಬಚ್ಚಲ ಬಾಗಿಲಲ್ಲಿ ನಿಂತು, ಕೆಳಗೆ ನೋಡುವುದೂ ಬೇಡವೆನ್ನುವ ಹಾಗೆ ಗುಂಡಿ ಬಿಚ್ಚುತ್ತಿದ್ದಳು.

ರಜೆಯೆಂದು ಸೋಫಾದ ಮೇಲೆ ಉರುಳಿದ್ದ ಮಗ ಅದನ್ನು ಕಂಡವನೇ ಎದ್ದು ಕೂತ. "ಏ, ಏ, ತಾಳು ಚುಕ್ಕಿ! ಹಂಗೇ ನಿಲ್ಲು!" ಎಂದು ಮೊಬೈಲಿಗಾಗಿ ದಿಂಬಿನಡಿ ತಡಕಾಡಿದ. "ಗುಂಡಿ ಹಾಕ್ಕೊಂಡು ಇನ್ನೊಂದ್ಸಲ ಬಿಚ್ಚು, ಬಂಗಾರ."

"ಆ ಫೋಟೋ ಆಗ್ಲೇ ಹಾಕಿದೀಯಲ್ಲಪ್ಪಾ" ಎಂದು ಚುಕ್ಕಿ ಬಾಗಿಲು ಹಾಕಿಕೊಂಡಳು.